35 ಇಂಚಿನ ಮಡ್ ಟೈರ್ ಇದ್ದರೂ ಚಳಿಗಾಲದ ಟೈರ್ ಬೇಕಾ?

ಪ್ರಶ್ನೆ: ನಾನು ಸಕಲೇಶಪುರದ ಕಡೆಯವನು. ಕೆನಡಾದ ಕ್ಯಾಲ್ಗರಿಗೆ ಬಂದು ಏಳು ತಿಂಗಳಾಯಿತು. ಇದು ನಮ್ಮ ಮೊದಲ ಚಳಿಗಾಲ. ಊರಲ್ಲಿ ತೋಟದ ಜೀಪ್ ಓಡಿಸಿ ಅಭ್ಯಾಸ. ಅದಕ್ಕೇ ಇಲ್ಲೂ ಆಸೆಪಟ್ಟು 2013ರ ನಾಲ್ಕು ಬಾಗಿಲಿನ ಜೀಪ್ ರ‍್ಯಾಂಗ್ಲರ್ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಹಿಂದಿನ ಮಾಲೀಕರು ಗಾಡಿ ಎತ್ತರಿಸಿ 35 ಇಂಚಿನ ಮಡ್ ಟೈರ್ ಹಾಕಿಸಿದ್ದಾರೆ. ಟೈರಿನ ಬಟನ್ (ನೆಲಕ್ಕೆ ತಾಗುವ ಉಬ್ಬು) ಇನ್ನೂ ಚೆನ್ನಾಗಿದೆ. ‘ಫೋರ್ ವೀಲ್ ಇದೆ, ಇಷ್ಟು ದೊಡ್ಡ ಹಲ್ಲಿನ ಟೈರ್ ಇದೆ, ನಿನಗೇನು ಚಿಂತೆ’ ಅಂತ ಆಫೀಸಿನಲ್ಲಿ ಹೇಳುತ್ತಾರೆ. ಅಂಗಡಿಯಲ್ಲಿ ಅದೇ ಅಳತೆಯ ಚಳಿಗಾಲದ ಟೈರ್ ಕೇಳಿದರೆ ನಾಲ್ಕಕ್ಕೆ 2,000 ಡಾಲರ್ ಮೇಲಾಗುತ್ತದೆ ಅಂದರು. ನನ್ನ ಕೈಯಲ್ಲಿರುವುದು ಸಾವಿರ, ಹೆಚ್ಚೆಂದರೆ 1,200. ಬೆಳಿಗ್ಗೆ ಆರಕ್ಕೆ ಹೆಂಡತಿಯನ್ನು ಕೆಲಸಕ್ಕೆ ಬಿಡಬೇಕು. ಡಿಸೆಂಬರ್ ರಜೆಯಲ್ಲಿ ಬ್ಯಾನ್ಫ್ ದಾಟಿ ರೆವೆಲ್‌ಸ್ಟೋಕ್ ಕಡೆ ಹೋಗಿಬರುವ ಆಸೆಯೂ ಇದೆ. ಎರಡೇ ಟೈರ್ ಹಾಕಿಸಿದರೆ ನಡೆಯುತ್ತಾ? ಸೆಕೆಂಡ್ ಹ್ಯಾಂಡ್ ಟೈರ್ ನೋಡಲಾ? ಮೊಳೆ ಇರುವ ಟೈರ್ ಬೇಕಾ?

ಉತ್ತರ: ಎರಡು ಟೈರ್ ಬೇಡ. ನಾಲ್ಕೂ ಬೇಕು. ಆದರೆ 35 ಇಂಚಿನದ್ದು ಬೇಡ. ನಿಮ್ಮ ಬಜೆಟ್ಟಿನಲ್ಲಿ ಕೆಲಸ ಆಗುತ್ತದೆ. ಹೇಗೆ ಅಂತ ಹೇಳುವ ಮೊದಲು ನಿಮ್ಮ ತಲೆಯಿಂದ ಆ ‘ದೊಡ್ಡ ಹಲ್ಲು’ ತೆಗೆಯಬೇಕು. ನೀವು ಮಲೆನಾಡಿನವರಾದ್ದರಿಂದ ಅದು ಸುಲಭ.

ಆಷಾಢದಲ್ಲಿ ನಿಮ್ಮ ಮನೆಯ ಅಂಗಳ ನೆನಪು ಮಾಡಿಕೊಳ್ಳಿ. ಗದ್ದೆಯ ಕೆಸರಲ್ಲಿ ಗಂಬೂಟು ಹಾಕಿಕೊಂಡು ಆರಾಮಾಗಿ ನಡೆದು ಬರುತ್ತೀರಿ. ಅದರ ದಪ್ಪ ಹಲ್ಲು ಕೆಸರಿಗೆ ಕಚ್ಚುತ್ತದೆ. ಅದೇ ಗಂಬೂಟಲ್ಲಿ ಪಾಚಿ ಕಟ್ಟಿದ ಅಂಗಳಕ್ಕೆ ಕಾಲಿಟ್ಟರೆ? ಧಡ್ ಅಂತ ಬೀಳುತ್ತೀರಿ. ಮನೆಯ ಅಮ್ಮಂದಿರು ಅಲ್ಲೇ ಬರಿಗಾಲಲ್ಲಿ ಬಿಂದಿಗೆ ಹೊತ್ತು ಓಡಾಡುತ್ತಾರೆ. ಕಾಲಿನ ಚರ್ಮ ಮೆತ್ತಗೆ, ನೆಲಕ್ಕೆ ಅಂಟಿಕೊಳ್ಳುತ್ತದೆ. ಗಂಬೂಟಿನ ಹಲ್ಲಿಗೆ ಪಾಚಿಯಲ್ಲಿ ಕಚ್ಚಲು ಏನೂ ಸಿಗುವುದಿಲ್ಲ.

ಕ್ಯಾಲ್ಗರಿಯ ರಸ್ತೆ ಚಳಿಗಾಲದಲ್ಲಿ ಗದ್ದೆಯಲ್ಲ. ಪಾಚಿ ಕಟ್ಟಿದ ಅಂಗಳ.

ನಿಮ್ಮ ಮಡ್ ಟೈರ್ ಕೆಟ್ಟ ಟೈರ್ ಅಲ್ಲ. ಮೊಣಕಾಲುದ್ದ ಹೊಸ ಹಿಮ ಬಿದ್ದ ಹಳ್ಳಿ ದಾರಿಯಲ್ಲಿ ಅದು ಅಗೆದುಕೊಂಡು ಮುಂದೆ ಹೋಗುತ್ತದೆ. ತೊಂದರೆ ಇರುವುದು ಊರೊಳಗೆ. ದೊಡ್ಡ ರಸ್ತೆಗಳಿಗೆ ಹಿಮ ತಳ್ಳುವ ಗಾಡಿ ಬರುತ್ತದೆ. ಮನೆಗಳಿರುವ ಒಳರಸ್ತೆಗಳಲ್ಲಿ ಹಿಮ ಹಾಗೇ ತುಳಿಸಿಕೊಂಡು ಗಟ್ಟಿಯಾಗುತ್ತದೆ. ಸ್ಟಾಪ್ ಬೋರ್ಡಿನ ಮುಂದೆ, ಸಿಗ್ನಲ್ ಮುಂದೆ ನೂರಾರು ಗಾಡಿ ಬ್ರೇಕ್ ಹಾಕಿ ಹಾಕಿ ಅದನ್ನು ಉಜ್ಜಿ ಕನ್ನಡಿ ಮಾಡಿಟ್ಟಿರುತ್ತವೆ. ಎಲ್ಲಿ ನಿಲ್ಲಲೇಬೇಕೋ ಅಲ್ಲೇ ಜಾಸ್ತಿ ಜಾರುತ್ತದೆ.

ಇದರ ಮೇಲೆ ಚಿನೂಕ್ ಬೇರೆ. ರಾಕಿ ಬೆಟ್ಟದ ಆಚೆಯಿಂದ ಇಳಿದು ಬರುವ ಬೆಚ್ಚನೆ ಗಾಳಿ ಅದು. ಮೈನಸ್ 20 ಇದ್ದದ್ದು ಒಂದೇ ದಿನದಲ್ಲಿ ಸೊನ್ನೆ ದಾಟಿ ಮೇಲೆ ಬಂದುಬಿಡುತ್ತದೆ. ಜನ ಕೋಟು ಬಿಚ್ಚಿ ಖುಷಿಪಡುತ್ತಾರೆ. ಟೈರ್ ಕೆಲಸ ಮಾಡುವ ನಮ್ಮಂಥವರಿಗೆ ಮಾತ್ರ ಅದನ್ನು ಕಂಡರೆ ಭಯ. ಹಗಲು ಕರಗಿದ ನೀರು ರಾತ್ರಿ ರಸ್ತೆ ಮೇಲೆ ತೆಳ್ಳನೆ ಗಾಜಿನ ಹಾಗೆ ಹೆಪ್ಪುಗಟ್ಟುತ್ತದೆ. ಬ್ಲ್ಯಾಕ್ ಐಸ್ ಅನ್ನುವುದು ಅದಕ್ಕೇ. ಡಾಂಬರಿನ ಬಣ್ಣವೇ ಕಾಣುತ್ತದೆ, ಐಸ್ ಕಾಣುವುದಿಲ್ಲ. ನೀವು ಹೆಂಡತಿಯನ್ನು ಬಿಡಲು ಹೊರಡುವುದು ಬೆಳಿಗ್ಗೆ ಆರಕ್ಕೆ ಅಲ್ವಾ? ಸರಿಯಾಗಿ ಅದೇ ಹೊತ್ತಿಗೆ.

ಚಳಿಗಾಲದ ಟೈರಿನಲ್ಲಿ ಅಂಥದ್ದೇನಿದೆ? ಮೊದಲನೆಯದು ರಬ್ಬರ್. ಚಳಿಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಗಟ್ಟಿಯಾಗುತ್ತದಲ್ಲ, ಸಾಮಾನ್ಯ ಟೈರಿನ ರಬ್ಬರೂ ಹಾಗೇ ಬಿರುಸಾಗುತ್ತದೆ. ಸುಮಾರು 7 ಡಿಗ್ರಿಗಿಂತ ಕೆಳಗೆ ಇದು ಗೊತ್ತಾಗಲು ಶುರುವಾಗುತ್ತದೆ. ಮೈನಸ್ 25ರಲ್ಲಿ ಮಡ್ ಟೈರಿನ ಹಲ್ಲು ಮುಟ್ಟಿ ನೋಡಿ, ಮರದ ತುಂಡಿನ ಹಾಗಿರುತ್ತದೆ. ಚಳಿಗಾಲದ ಟೈರಿನ ರಬ್ಬರನ್ನು ಆ ಚಳಿಯಲ್ಲೂ ಮೆತ್ತಗೆ ಉಳಿಯುವ ಹಾಗೆ ಬೆರೆಸಿರುತ್ತಾರೆ.

ಎರಡನೆಯದು ಬಟನ್ ಮೇಲಿನ ಸಣ್ಣ ಸಣ್ಣ ಸೀಳು. ಸೈಪ್ ಅನ್ನುತ್ತಾರೆ. ಬ್ಲೇಡಿನಲ್ಲಿ ಗೀರಿದ ಹಾಗೆ ಒಂದೊಂದು ಬಟನ್ನಿನ ಮೇಲೂ ಹತ್ತಾರು ಇರುತ್ತವೆ. ಐಸ್ ಮೇಲೆ ಸಾಮಾನ್ಯವಾಗಿ ತೆಳ್ಳಗೆ ನೀರಿನ ಪೊರೆ ಇರುತ್ತದೆ, ಜಾರಿಸುವುದೇ ಅದು. ಈ ಸೀಳುಗಳು ಆ ಪೊರೆಯನ್ನು ಒಡೆಯುತ್ತವೆ. ಅವುಗಳ ಅಂಚು ಐಸನ್ನು ಕೆರೆದು ಹಿಡಿಯುತ್ತದೆ. ನಿಮ್ಮ ಮಡ್ ಟೈರಿನ ಒಂದು ಹಲ್ಲನ್ನು ನೋಡಿ. ಎರಡು ಮೂರು ಗೀರು ಇದ್ದರೆ ಹೆಚ್ಚು.

ಮೂರನೆಯದು ಕೇಳಲು ವಿಚಿತ್ರ ಅನ್ನಿಸುತ್ತದೆ. ಮಡ್ ಟೈರ್ ಮಾಡುವವರು ಕೆಸರು ಹಲ್ಲಿನ ಸಂದಿಯಲ್ಲಿ ನಿಲ್ಲದೆ ಹೊರಗೆ ಎಸೆದುಹೋಗಲಿ ಅಂತ ಸಂದಿ ಅಗಲ ಮಾಡುತ್ತಾರೆ. ಚಳಿಗಾಲದ ಟೈರಿನಲ್ಲಿ ಉಲ್ಟಾ. ಹಿಮ ಸಂದಿಯಲ್ಲಿ ತುಂಬಿಕೊಳ್ಳಬೇಕು. ರಬ್ಬರಿಗಿಂತ ಹಿಮವೇ ಹಿಮವನ್ನು ಚೆನ್ನಾಗಿ ಹಿಡಿಯುತ್ತದೆ. ಮಕ್ಕಳು ಹಿಮದುಂಡೆ ಮಾಡುವುದನ್ನು ನೋಡಿದ್ದೀರಲ್ಲ, ಒತ್ತಿದಷ್ಟೂ ಒಂದಕ್ಕೊಂದು ಕಚ್ಚುತ್ತದೆ.

ಫೋರ್ ವೀಲ್ ವಿಷಯ ನಿಮ್ಮ ಗೆಳೆಯರಿಗೆ ಹೀಗೆ ಹೇಳಿ. ಇಲ್ಲಿ ಓಡುವ ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೂ ಬ್ರೇಕ್ ಇದೆ. ನಿಲ್ಲಿಸುವಾಗ ನಿಮ್ಮ ಜೀಪಿಗೂ ಪಕ್ಕದ ಸಣ್ಣ ಕಾರಿಗೂ ವ್ಯತ್ಯಾಸ ಇಲ್ಲ. ಜೀಪು ಭಾರ, ಎತ್ತರ ಬೇರೆ. ಫೋರ್ ವೀಲ್ ಹೊರಡಿಸುತ್ತದೆ, ನಿಲ್ಲಿಸುವುದಿಲ್ಲ. ನಾನು ಇಲ್ಲಿಗೆ ಬಂದ ಮೊದಲ ವರ್ಷ ಗೆಳೆಯನೊಬ್ಬನ ಹಳೇ ಫೋರ್ ವೀಲ್ ಪಿಕಪ್ ಓಡಿಸುತ್ತಿದ್ದೆ. ಹೊರಡುವಾಗ ಎಲ್ಲರಿಗಿಂತ ಮುಂದೆ. ಒಂದು ಬೆಳಿಗ್ಗೆ ಸ್ಟಾಪ್ ಬೋರ್ಡ್ ಕಂಡು ಬ್ರೇಕ್ ಹಾಕಿದೆ. ಗಾಡಿ ನಿಧಾನವಾಗಿ, ಬಹಳ ಮರ್ಯಾದೆಯಿಂದ, ಬೋರ್ಡ್ ದಾಟಿ ರಸ್ತೆಯ ನಡುಮಧ್ಯೆ ಹೋಗಿ ನಿಂತಿತು. ಎದುರಿಂದ ಯಾರೂ ಬರುತ್ತಿರಲಿಲ್ಲ. ಅದು ನನ್ನ ಪುಣ್ಯ, ನನ್ನ ಡ್ರೈವಿಂಗ್ ಅಲ್ಲ.

ಈಗ ಟೈರಿನ ಮೇಲಿನ ಗುರುತು. ನಿಮ್ಮ ಮಡ್ ಟೈರಿನ ಪಕ್ಕದಲ್ಲಿ ‘ಎಂ+ಎಸ್’ ಅಂತ ಇರಬಹುದು. ಕೆಸರು ಮತ್ತು ಹಿಮ ಅಂತ ಅದರ ಅರ್ಥ. ಅದನ್ನು ಹಾಕಲು ಹಿಮದ ಮೇಲೆ ಯಾವ ಪರೀಕ್ಷೆಯೂ ಬೇಕಿಲ್ಲ. ಬಟನ್ ನಡುವೆ ಇಷ್ಟು ಖಾಲಿ ಜಾಗ ಇದ್ದರೆ ಸಾಕು. ನೀವು ನೋಡಬೇಕಾದದ್ದು ಬೇರೆ ಗುರುತು: ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು. 1999ರಲ್ಲಿ ಅಮೆರಿಕ ಮತ್ತು ಕೆನಡಾದ ಟೈರ್ ಉದ್ಯಮದವರು ತಂದದ್ದು. ತುಳಿದ ಹಿಮದ ಮೇಲೆ ಒಂದು ಮಾದರಿ ಟೈರಿನ ಎಳೆತವನ್ನು 100 ಅಂತ ಇಟ್ಟುಕೊಂಡು, ಅದಕ್ಕಿಂತ ಕನಿಷ್ಠ 10 ಭಾಗ ಜಾಸ್ತಿ ಬಂದರೆ ಮಾತ್ರ ಈ ಗುರುತು ಸಿಗಬೇಕು ಅಂತ ಲೆಕ್ಕ ಶುರುವಾಯಿತು.

ಇದರಲ್ಲೂ ಒಂದು ಕಿವಿಮಾತು ಇದೆ. ಆ ಪರೀಕ್ಷೆ ಅಳೆಯುವುದು ಹಿಮದ ಮೇಲೆ ಮುಂದಕ್ಕೆ ಎಳೆಯುವ ಶಕ್ತಿಯನ್ನು. ಐಸ್ ಮೇಲೆ ಬ್ರೇಕ್ ಹಾಕಿದರೆ ಏನಾಗುತ್ತದೆ ಅನ್ನುವುದನ್ನಲ್ಲ. ಅದಕ್ಕೇ ಫಾಲ್ಕನ್ ವೈಲ್ಡ್‌ಪೀಕ್ ಎಟಿ3ಡಬ್ಲ್ಯೂ, ಬಿಎಫ್‌ಗುಡ್ರಿಚ್ ಕೆಒ2 ಥರದ, ಎಲ್ಲ ಬಗೆಯ ನೆಲಕ್ಕೂ ಅಂತ ಮಾಡಿದ ಆಲ್ ಟೆರೇನ್ ಟೈರುಗಳಿಗೂ ಈ ಗುರುತು ಇದೆ. ಅವು ಮಡ್ ಟೈರಿಗಿಂತ ಎಷ್ಟೋ ವಾಸಿ. ಹಿಮದಲ್ಲಿ ಚೆನ್ನಾಗಿ ಹೋಗುತ್ತವೆ. ಐಸಿನ ಮೇಲೆ ನಿಲ್ಲಿಸುವುದರಲ್ಲಿ ಅಪ್ಪಟ ಚಳಿಗಾಲದ ಟೈರಿಗೆ ಸಾಟಿಯಲ್ಲ. ಮನೆಯಿಂದಲೇ ಕೆಲಸ ಮಾಡುವವರು, ರಸ್ತೆ ಸರಿಹೋಗುವವರೆಗೆ ಕಾಯಬಲ್ಲವರು, ವರ್ಷವಿಡೀ ಒಂದೇ ಸೆಟ್ ಸಾಕು ಅನ್ನುವವರಿಗೆ ನಾನೇ ಅದನ್ನು ಹೇಳುತ್ತೇನೆ. ಬೆಳಿಗ್ಗೆ ಆರರ ಡ್ಯೂಟಿ ಇರುವ ನಿಮಗೆ ಹೇಳುವುದಿಲ್ಲ.

ಕಾನೂನು ಒಂದು ಕಥೆ. ಕ್ಯಾಲ್ಗರಿ ಇರುವ ಆಲ್ಬರ್ಟಾ ಪ್ರಾಂತ್ಯದ ಊರುಗಳಲ್ಲಿ ಚಳಿಗಾಲದ ಟೈರ್ ಕಡ್ಡಾಯ ಅಲ್ಲ. ಆದರೆ ರೆವೆಲ್‌ಸ್ಟೋಕ್ ಇರುವುದು ಪಕ್ಕದ ಬ್ರಿಟಿಷ್ ಕೊಲಂಬಿಯಾದಲ್ಲಿ. ಅಲ್ಲಿನ ಬೆಟ್ಟದ ಹೆದ್ದಾರಿಗಳಲ್ಲಿ ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ ಎಂ+ಎಸ್ ಅಥವಾ ಬೆಟ್ಟದ ಗುರುತಿನ ಟೈರ್ ಬೇಕೇ ಬೇಕು. ಬಟನ್ ಆಳ ಕನಿಷ್ಠ 3.5 ಮಿಲಿಮೀಟರ್ ಇರಬೇಕು. ಎಂ+ಎಸ್ ಇದ್ದರೆ ನಿಮ್ಮ ಮಡ್ ಟೈರ್ ಕೂಡ ಅಲ್ಲಿ ಕಾನೂನಿಗೆ ಪಾಸು. ಆ ದಾರಿಯ ಬೆಟ್ಟದ ಘಾಟಿ ರೋಜರ್ಸ್ ಪಾಸ್ ತಿರುವಿನಲ್ಲಿ ಅದು ಫೇಲಾದರೆ ಕಾನೂನು ಬಂದು ಹಿಡಿದುಕೊಳ್ಳುವುದಿಲ್ಲ.

ಸರಿ, ದುಡ್ಡಿನ ವಿಷಯಕ್ಕೆ ಬರೋಣ. ಎಲ್ಲರೂ ಯಾವ ಬ್ರ್ಯಾಂಡ್ ಅಗ್ಗ ಅಂತ ಕೇಳುತ್ತಾರೆ. ಮೊದಲು ಕೇಳಬೇಕಾದದ್ದು ಯಾವ ಅಳತೆ ಅಗ್ಗ ಅಂತ. ನಿಮಗೆ 2,000 ಹೇಳಿದ್ದು ಅಂಗಡಿಯವರ ದುರಾಸೆಯಲ್ಲ. 35 ಇಂಚಿನಲ್ಲಿ ಚಳಿಗಾಲದ ಟೈರ್ ಮಾಡುವವರೇ ಕಮ್ಮಿ. ಮಾಡಿದರೂ ಭಾರದ ಟ್ರಕ್ಕಿಗೆ ಆಗುವಂಥ ಗಟ್ಟಿ ಟೈರ್ ಅದು. ಬೆಲೆ ಜಾಸ್ತಿ, ತೂಕ ಜಾಸ್ತಿ, ನಿಮಗೆ ಅಗತ್ಯ ಇಲ್ಲ.

ನಿಮ್ಮ ಮಾದರಿಯ ರ‍್ಯಾಂಗ್ಲರ್ ಕಂಪನಿಯಿಂದ ಹೊರಬಂದಾಗ ಅಷ್ಟು ದೊಡ್ಡ ಟೈರ್ ಇರಲೇ ಇಲ್ಲ. ಅದರಲ್ಲಿ ಮೂಲ ರೂಪವಾದ ಸ್ಪೋರ್ಟ್ ಗಾಡಿಗೆ 225/75 ಆರ್16 (ಮೊದಲ ಅಂಕಿ ಟೈರಿನ ಅಗಲ ಮಿಲಿಮೀಟರಿನಲ್ಲಿ, ಕೊನೆಯದು ರಿಮ್ಮಿನ ಇಂಚು), ಅಂದರೆ ಸುಮಾರು 29 ಇಂಚು ಎತ್ತರ. ಕಾಡುದಾರಿಗೆ ಅಂತ ಮಾಡಿದ ರೂಬಿಕಾನ್‌ಗೆ 255/75 ಆರ್17, ಅಂದರೆ 32 ಇಂಚು. ಈ ಎರಡರ ನಡುವೆ ಯಾವ ಎತ್ತರದ ಟೈರ್ ಹಾಕಿದರೂ ಗಾಡಿಗೆ ಒಗ್ಗುತ್ತದೆ. ಎತ್ತರಿಸಿದ ಗಾಡಿಗೆ ಸಣ್ಣ ಟೈರ್ ಹಾಕಿದರೆ ಪೈಲ್ವಾನನಿಗೆ ಮಗುವಿನ ಚಪ್ಪಲಿ ಹಾಕಿದ ಹಾಗೆ ಕಾಣುತ್ತದೆ, ಒಪ್ಪುತ್ತೇನೆ. ಐದು ತಿಂಗಳು ಸಹಿಸಿಕೊಳ್ಳಿ. ಗಾಡಿ ಒಂದೂವರೆ ಇಂಚು ಕೆಳಗೆ ಬರುತ್ತದೆ. ಜಾರುವ ರಸ್ತೆಯಲ್ಲಿ ಅದೂ ಒಳ್ಳೆಯದೇ.

ಟೈರ್ ಅಗಲ ಕಮ್ಮಿ ಆಗುವುದು ಇನ್ನೊಂದು ಲಾಭ. ಅಗಲ ಟೈರ್ ಹಿಮದ ಗಂಜಿಯ ಮೇಲೆ ತೇಲುತ್ತದೆ. ಕಿರಿದಾದದ್ದು ಅದನ್ನು ಸೀಳಿಕೊಂಡು ಕೆಳಗಿನ ನೆಲ ಮುಟ್ಟುತ್ತದೆ. ಊರಲ್ಲಿ ಹಳೇ ವಿಲ್ಲೀಸ್ ಜೀಪಿನ ಟೈರ್ ಎಷ್ಟು ಸಪೂರ ಇತ್ತು, ನೋಡಿಲ್ಲವಾ?

ರ‍್ಯಾಂಗ್ಲರ್ ಕೊಳ್ಳುವವರಿಗೆ ಒಂದು ಖಾಯಿಲೆ ಇದೆ. ಹೊಸ ಗಾಡಿ ತಂದ ಮೊದಲ ತಿಂಗಳೇ ಕಂಪನಿ ಚಕ್ರ ಬಿಚ್ಚಿಸಿ ದೊಡ್ಡದು ಹಾಕಿಸುತ್ತಾರೆ. ನಿಮ್ಮ ಹಿಂದಿನ ಮಾಲೀಕರು ಮಾಡಿದ್ದೂ ಅದನ್ನೇ. ಆ ಬಿಚ್ಚಿದ ಕಂಪನಿ ಚಕ್ರಗಳು ಅವರ ಗ್ಯಾರೇಜಿನಲ್ಲಿ ಜಾಗ ತಿನ್ನುತ್ತಾ ಬಿದ್ದಿರುತ್ತವೆ. ಮೊದಲು ಆ ಮಾಲೀಕರಿಗೇ ಒಂದು ಫೋನ್ ಮಾಡಿ. ಅವರ ಹತ್ತಿರ ಇಲ್ಲದಿದ್ದರೆ ಹಳೇ ಸಾಮಾನು ಮಾರುವ ಕಿಜಿಜಿ ವೆಬ್‌ಸೈಟಿನಲ್ಲಿ ಹುಡುಕಿ. ಐದರ ಸೆಟ್ ಆಗಿ, ಸವೆದ ಟೈರಿನ ಸಮೇತ, ಹೊಸ ಉಕ್ಕಿನ ರಿಮ್ಮಿಗಿಂತ ಕಮ್ಮಿಗೆ ಸಿಗುವುದನ್ನು ಎಷ್ಟೋ ಸಲ ನೋಡಿದ್ದೇನೆ. 2007ರಿಂದ 2018ರವರೆಗಿನ ರ‍್ಯಾಂಗ್ಲರ್‌ಗೆ ಐದು ನಟ್, 127 ಮಿಲಿಮೀಟರ್ ಅಡ್ಡಳತೆಯ ವೃತ್ತದಲ್ಲಿ ಕೂರುತ್ತವೆ. 2006 ಮತ್ತು ಅದಕ್ಕಿಂತ ಹಳೇ ರ‍್ಯಾಂಗ್ಲರ್‌ನದ್ದು 114.3, ಅದು ಕೂರುವುದಿಲ್ಲ. ಅಗ್ಗ ಅಂತ ತಂದು ಮನೆಯಲ್ಲಿಟ್ಟುಕೊಂಡವರಿದ್ದಾರೆ.

ಬೇರೆ ರಿಮ್ ಯಾಕೆ, ಇರುವ ರಿಮ್ಮಿಗೇ ಟೈರ್ ಬದಲಿಸಬಾರದಾ ಅಂತ ಕೇಳಬಹುದು. 35 ಇಂಚಿಗೆ ಹಾಕಿರುವ ಅಗಲ ರಿಮ್ಮಿಗೆ ಕಿರಿದಾದ ಟೈರ್ ಸರಿಯಾಗಿ ಕೂರದೇ ಇರಬಹುದು. ಕೂತರೂ ವರ್ಷಕ್ಕೆ ಎರಡು ಸಲ ಬಿಚ್ಚಿ, ಕೂರಿಸಿ, ಬ್ಯಾಲೆನ್ಸ್ ಮಾಡಿಸಬೇಕು. ಒಂದೊಂದು ಸಲಕ್ಕೂ ನೂರು ಡಾಲರ್ ಮೇಲೆ ಹೋಗುತ್ತದೆ. ರಿಮ್ ಸಮೇತ ಇದ್ದರೆ ಜ್ಯಾಕ್ ಹಾಕಿ ಮನೆ ಮುಂದೆ ನೀವೇ ಬದಲಿಸಬಹುದು. ಎರಡು ಚಳಿಗಾಲದಲ್ಲಿ ರಿಮ್ಮಿನ ದುಡ್ಡು ವಾಪಸ್.

ಈಗ ಟೈರ್. 17 ಇಂಚಿನ ಕಂಪನಿ ರಿಮ್ ಸಿಕ್ಕಿದರೆ 265/70 ಆರ್17 ಕೇಳಿ. ಎತ್ತರ 31.6 ಇಂಚು. ಇದು ಟೊಯೋಟಾ 4ರನ್ನರ್‌ಗೆ, ಎಷ್ಟೋ ಪಿಕಪ್‌ಗಳಿಗೆ ಬರುವ ಅಳತೆ. ಎಲ್ಲರೂ ಮಾಡುತ್ತಾರೆ, ಎಲ್ಲರೂ ಇಟ್ಟಿರುತ್ತಾರೆ, ಅದಕ್ಕೇ ಬೆಲೆಯಲ್ಲಿ ಪೈಪೋಟಿ. 255/75 ಆರ್17 ಇನ್ನೂ ಸರಿಯಾದ ಅಳತೆಯೇ, ಆದರೆ ಚಳಿಗಾಲದ ಟೈರಿನಲ್ಲಿ ಆಯ್ಕೆ ಕಮ್ಮಿ. 16 ಇಂಚಿನ ರಿಮ್ ಸಿಕ್ಕಿದರೆ 245/75 ಆರ್16, ಎತ್ತರ ಮೂವತ್ತೂವರೆ. ಸಹಾರಾ ಮಾದರಿಯ 18 ಇಂಚಿನ ಚಕ್ರ ನೋಡಲು ಚಂದ, ಟೈರಿನ ಬೆಲೆ ಕೇಳಿದಾಗ ಚಂದ ಅನ್ನಿಸುವುದಿಲ್ಲ.

ಅಂಗಡಿಯವರು ‘ಎಲ್‌ಟಿ ಟೈರ್, ಹತ್ತು ಪ್ಲೈ, ಗಟ್ಟಿಮುಟ್ಟು’ ಅಂದರೆ ಸುಮ್ನೆ ತಲೆಯಾಡಿಸಿ ಬೇಡ ಅನ್ನಿ. ಅದು ಸಾಮಾನು ತುಂಬುವ ಟ್ರಕ್ಕಿಗೆ. ಗಂಡ, ಹೆಂಡತಿ ಮತ್ತು ನಾಲ್ಕು ಚೀಲ ತರಕಾರಿಗೆ ಬೇಕಿಲ್ಲ. ಗಾಡಿಯ ಬಾಗಿಲ ಚೌಕಟ್ಟಿನ ಸ್ಟಿಕ್ಕರ್‌ನಲ್ಲಿ ಮೂಲ ಟೈರಿನ ಅಳತೆ ಇರುತ್ತದೆ. ಅದು ಹೊರುತ್ತಿದ್ದಷ್ಟು ಭಾರ ಹೊಸದೂ ಹೊತ್ತರೆ ಸಾಕು.

ಬ್ರ್ಯಾಂಡಿನಲ್ಲಿ ಮೇಲಿನ ಸಾಲು ಎಲ್ಲರಿಗೂ ಗೊತ್ತು: ಬ್ರಿಜ್‌ಸ್ಟೋನ್ ಬ್ಲಿಝ್ಝಾಕ್, ಮಿಶೆಲಿನ್ ಎಕ್ಸ್-ಐಸ್, ನೋಕಿಯನ್ ಹಕ್ಕಪೆಲಿಟ್ಟ. ನೋಕಿಯನ್‌ನವರು ಫಿನ್‌ಲ್ಯಾಂಡಿನವರು, 1934ರಲ್ಲೇ ಲಾರಿಗೆ ಚಳಿಗಾಲದ ಟೈರ್ ಮಾಡಿದವರು. ದುಡ್ಡಿದ್ದರೆ ಕಣ್ಣು ಮುಚ್ಚಿಕೊಂಡು ಅವನ್ನೇ ತೆಗೆದುಕೊಳ್ಳಿ ಅನ್ನುತ್ತಿದ್ದೆ. ನಿಮಗೆ ಬೇಕಾದದ್ದು ಇವರ ತಮ್ಮಂದಿರು. ಫೈರ್‌ಸ್ಟೋನ್ ಬ್ರಿಜ್‌ಸ್ಟೋನ್‌ನವರದ್ದೇ, ಅದರಲ್ಲಿ ವಿಂಟರ್‌ಫೋರ್ಸ್ ಇದೆ. ಜನರಲ್ ಅನ್ನುವುದು ಜರ್ಮನಿಯ ಕಾಂಟಿನೆಂಟಲ್‌ನವರದ್ದು, ಎಸ್‌ಯುವಿಗೆ ಗ್ರ್ಯಾಬರ್ ಆರ್ಕ್ಟಿಕ್ ಇದೆ. ನೋಕಿಯನ್‌ನವರದೇ ಇನ್ನೊಂದು ಹೆಸರು ನೋರ್ಡ್‌ಮನ್. ಕೂಪರ್ 2021ರಿಂದ ಗುಡ್‌ಇಯರ್ ಕೈಯಲ್ಲಿದೆ, ಅದರಲ್ಲಿ ಡಿಸ್ಕವರರ್ ಸಾಲಿನ ಚಳಿಗಾಲದ ಟೈರ್ ಇದೆ. ದೊಡ್ಡ ಕಂಪನಿಯ ತಿಳಿವಳಿಕೆ ಸ್ವಲ್ಪ ಕಮ್ಮಿ ದುಡ್ಡಿಗೆ ಸಿಗುವುದು ಇಲ್ಲೇ. ನನ್ನ ಮನೆಯ ಗಾಡಿಗೂ ಇಂಥದ್ದೇ.

ಚೀನಾದ ಟೈರ್ ಬಗ್ಗೆ ಮೂಗು ಮುರಿಯುವವರು ಬಹಳ. ಸೈಲುನ್ ಐಸ್ ಬ್ಲೇಜರ್ ಥರದ್ದು ಹಾಕಿಸಿಕೊಂಡು ಹೋದವರು ಮೂರು ಚಳಿಗಾಲ ಓಡಿಸಿದ್ದನ್ನು ನಾನೇ ನೋಡಿದ್ದೇನೆ. ಕೈಯಲ್ಲಿ 800 ಡಾಲರ್ ಮಾತ್ರ ಇದ್ದರೆ, ಒಳ್ಳೆ ಕಂಪನಿಯ ಸವೆದ ಟೈರಿಗಿಂತ ಬೆಟ್ಟದ ಗುರುತು ಇರುವ ಇಂಥ ಹೊಸ ಟೈರೇ ಮೇಲು.

ಸೆಕೆಂಡ್ ಹ್ಯಾಂಡ್ ಟೈರ್ ಬೇಡವೇ ಬೇಡ ಅನ್ನುವುದಿಲ್ಲ. ಆದರೆ ಎರಡು ವಿಷಯ ನೋಡದೆ ದುಡ್ಡು ಕೊಡಬೇಡಿ. ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 3521 ಅಂದರೆ 2021ರ 35ನೇ ವಾರ ಮಾಡಿದ್ದು. ಐದಾರು ವರ್ಷ ದಾಟಿದ್ದರೆ ಬಟನ್ ಎಷ್ಟೇ ಇರಲಿ, ರಬ್ಬರ್ ಬಿರುಸಾಗಿರುತ್ತದೆ. ಉಗುರಿನಿಂದ ಒತ್ತಿ ನೋಡಿ, ಗೊತ್ತಾಗುತ್ತದೆ. ಎರಡನೆಯದು ಬಟನ್ ಆಳ. 4 ಮಿಲಿಮೀಟರಿಗೆ ಬಂದರೆ ಹಿಮದ ಮಟ್ಟಿಗೆ ಆ ಟೈರಿನ ಕಥೆ ಮುಗಿಯಿತು. ಹಾಗಾಗಿ 6ಕ್ಕಿಂತ ಕಮ್ಮಿ ಇದ್ದರೆ ನೀವು ಕೊಳ್ಳುವುದು ಒಂದು ಚಳಿಗಾಲವನ್ನಷ್ಟೇ. ಅಳತೆಗೋಲು ಐದಾರು ಡಾಲರಿಗೆ ಸಿಗುತ್ತದೆ. ಅದೂ ಇಲ್ಲದಿದ್ದರೆ ಎರಡು ಡಾಲರಿನ ಟೂನಿ ನಾಣ್ಯ ಬಟನ್ ಸಂದಿಗೆ ತೂರಿಸಿ. ಹೊರಗಿನ ಬೆಳ್ಳಿ ಬಣ್ಣದ ಬಳೆಯಷ್ಟೇ ಮುಚ್ಚಿದರೆ ನಮಸ್ಕಾರ ಹೇಳಿ ಬನ್ನಿ. ಇನ್ನೊಂದು ಗುಟ್ಟು: ಕೆಲವು ಟೈರುಗಳಲ್ಲಿ ಐಸ್ ಹಿಡಿಯುವ ವಿಶೇಷ ರಬ್ಬರ್ ಮೇಲಿನ ಅರ್ಧ ಭಾಗದಲ್ಲಿ ಮಾತ್ರ ಇರುತ್ತದೆ. ಅರ್ಧ ಸವೆದದ್ದು ನೋಡಲು ಚೆನ್ನಾಗಿದ್ದರೂ ಒಳಗಿನದ್ದು ಸಾಮಾನ್ಯ ರಬ್ಬರ್.

ಮೊಳೆ ಟೈರ್ ಆಲ್ಬರ್ಟಾದಲ್ಲಿ ಹಾಕಬಹುದು. ನಿಮಗೆ ಬೇಡ. ಕ್ಯಾಲ್ಗರಿಯಲ್ಲಿ ಚಳಿಗಾಲದ ಎಷ್ಟೋ ದಿನ ರಸ್ತೆ ಒಣಗಿಯೇ ಇರುತ್ತದೆ. ಒಣ ಡಾಂಬರಿನ ಮೇಲೆ ಮೊಳೆ ಹಿಡಿಯುವುದಿಲ್ಲ, ಕಿರಿಕಿರಿ ಸದ್ದು ಬೇರೆ. ದಿನಾ ಐಸ್ ಕಟ್ಟಿದ ಏರು ದಾರಿಯಲ್ಲಿ ಮನೆಗೆ ಹೋಗುವವರಿಗೆ ಅದು ಸರಿ. ಮಲೆನಾಡಲ್ಲಿ ಮಳೆಗಾಲಕ್ಕೆ ಜೀಪಿನ ಟೈರಿಗೆ ಚೈನ್ ಸುತ್ತುತ್ತಾರಲ್ಲ, ಆ ಚೈನ್ ಒಂದು ಜೊತೆ ಬೇಕಾದರೆ ಬೆಟ್ಟಕ್ಕೆ ಹೋಗುವಾಗ ಗಾಡಿಯೊಳಗೆ ಇಟ್ಟುಕೊಂಡಿರಿ. ಸುತ್ತುವುದು ನಿಮಗೆ ಹೇಳಿಕೊಡಬೇಕಿಲ್ಲ.

ಎರಡೇ ಟೈರ್ ಯಾಕೆ ಬೇಡ ಅಂದೆ. ಹಿಂದಿನ ಎರಡಕ್ಕೆ ಹಾಕಿದರೆ ಸ್ಟೇರಿಂಗ್ ತಿರುಗಿಸಿದರೂ ಗಾಡಿ ನೆಟ್ಟಗೆ ಹೋಗುತ್ತದೆ. ಮುಂದಿನ ಎರಡಕ್ಕೆ ಹಾಕಿದರೆ ಮೂತಿ ನಿಲ್ಲುತ್ತದೆ, ಬಾಲ ಸುತ್ತಿ ಮುಂದೆ ಬರುತ್ತದೆ. ಅದಲ್ಲದೆ ನಿಮ್ಮ ಗಾಡಿಯಲ್ಲಿ ಫೋರ್ ವೀಲ್ ಹಾಕಿದಾಗ ಮುಂದಿನ ಹಿಂದಿನ ಶಾಫ್ಟ್ ಒಂದೇ ವೇಗದಲ್ಲಿ ತಿರುಗಲೇಬೇಕು. ಮುಂದೆ 31, ಹಿಂದೆ 35 ಇಂಚು ಇದ್ದರೆ ಎರಡೂ ಶಾಫ್ಟಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಹಲ್ಲು ಕಡಿದುಕೊಳ್ಳುತ್ತದೆ. ಅದರ ರಿಪೇರಿ ದುಡ್ಡಲ್ಲಿ ಟೈರ್ ನಾಲ್ಕಲ್ಲ, ಎಂಟು ಬರುತ್ತವೆ. ಇದೇ ಕಾರಣಕ್ಕೆ ಹಿಂದೆ ನೇತಾಡುವ 35 ಇಂಚಿನ ಸ್ಟೆಪ್ನಿಯೂ ಚಳಿಗಾಲದಲ್ಲಿ ಉಪಯೋಗಕ್ಕಿಲ್ಲ. ಅದಕ್ಕೇ ಸೆಟ್ಟಿನ ಐದನೇ ಕಂಪನಿ ಚಕ್ರವನ್ನೂ ಬಿಡಬೇಡಿ. ಸೆಟ್ಟಿನ ಜೊತೆ ಬಂದ ಹಳೇ ಟೈರಿನಲ್ಲಿ ಎತ್ತರ ಹತ್ತಿರ ಇರುವ, ಗಾಳಿ ನಿಲ್ಲುವ ಒಂದನ್ನು ಅದರಲ್ಲೇ ಉಳಿಸಿಕೊಳ್ಳಿ. ಪಂಕ್ಚರ್ ಅಂಗಡಿವರೆಗೆ ಟೂ ವೀಲಿನಲ್ಲಿ ನಿಧಾನವಾಗಿ ಹೋಗಲು ಸಾಕು.

ಲೆಕ್ಕ ಹಾಕೋಣ. ನನ್ನ ಅಂದಾಜು ಇದು, ಬೆಲೆ ವರ್ಷ ವರ್ಷ ಬದಲಾಗುತ್ತದೆ. ಹಳೇ ಕಂಪನಿ ಚಕ್ರದ ಸೆಟ್ಟಿಗೆ 300. ತಮ್ಮಂದಿರ ಸಾಲಿನ ಟೈರ್ ತಲಾ 190 ಅಂದರೆ 760. ಕೂರಿಸಿ ಬ್ಯಾಲೆನ್ಸ್ ಮಾಡಲು ನೂರು ಚಿಲ್ಲರೆ. 1,200ರ ಒಳಗೆ ಬಂತು. ಫೋನಿನಲ್ಲಿ ಬೆಲೆ ಕೇಳುವಾಗ ಟೈರಿನ ಬೆಲೆ ಕೇಳಬೇಡಿ. ‘ಕೂರಿಸಿ, ಬ್ಯಾಲೆನ್ಸ್, ವಾಲ್ವ್, ಮರುಬಳಕೆ ಶುಲ್ಕ, ತೆರಿಗೆ ಎಲ್ಲ ಸೇರಿ ಬಾಗಿಲು ದಾಟುವಾಗ ಎಷ್ಟು’ ಅಂತ ಕೇಳಿ. ನಾಲ್ಕು ಕಡೆ ಕೇಳಿ. ಇನ್ಶೂರೆನ್ಸ್‌ನವರನ್ನೂ ಒಂದು ಮಾತು ಕೇಳಿ. ಚಳಿಗಾಲದ ಟೈರಿಗೆ ಸ್ವಲ್ಪ ಕಡಿತ ಕೊಡುವವರಿದ್ದಾರೆ.

ಈ ಕೆಲಸ ಈ ವಾರವೇ ಮಾಡಿ. ಮೊದಲ ಹಿಮ ಬಿದ್ದ ಬೆಳಿಗ್ಗೆ ಟೈರ್ ಅಂಗಡಿ ಮುಂದೆ ರೇಷನ್ ಅಂಗಡಿ ಸಾಲು ಇರುತ್ತದೆ. ಸಾಮಾನ್ಯ ಅಳತೆಯದ್ದು ಖಾಲಿ, ಸರದಿಗೆ ಎರಡು ಮೂರು ವಾರ. ಇಲ್ಲಿ ಹಿಮಕ್ಕೆ ಪಂಚಾಂಗ ಇಲ್ಲ. 2014ರಲ್ಲಿ ಸೆಪ್ಟೆಂಬರ್ ಎರಡನೇ ವಾರಕ್ಕೇ ಬಿದ್ದು, ಎಲೆ ಇದ್ದ ಮರಗಳ ಕೊಂಬೆಗಳನ್ನೆಲ್ಲ ಮುರಿದು ಹಾಕಿತ್ತು.

ಹಾಕಿಸಿದ ಮೇಲೆ ಕೆಲವು ಸಣ್ಣ ವಿಷಯ. ಈಗಿನ ರಿಮ್ಮಿನ ನಟ್ ಕಂಪನಿ ರಿಮ್ಮಿಗೆ ಸರಿಯಾಗಿ ಕೂರುತ್ತದಾ ನೋಡಿಸಿ. ಹೊರಗಿನ ರಿಮ್ಮಿಗೆ ಕೆಲವು ಸಲ ಬೇರೆ ಥರದ ನಟ್ ಇರುತ್ತದೆ. ನೂರು ಕಿಲೋಮೀಟರ್ ಓಡಿದ ಮೇಲೆ ನಟ್ ಇನ್ನೊಮ್ಮೆ ಬಿಗಿ ಮಾಡಿ. ಹಿಂದಿನವರು 35 ಇಂಚಿಗೆ ಸ್ಪೀಡೋಮೀಟರ್ ಹೊಂದಿಸಿದ್ದರೆ ಈಗ ಅದು ಜಾಸ್ತಿ ತೋರಿಸುತ್ತದೆ, 110 ಅಂದರೆ ನಿಜಕ್ಕೆ 100ರ ಆಸುಪಾಸು. ಗಾಬರಿ ಬೇಡ. ಟೈರಿನ ಗಾಳಿ ಕಮ್ಮಿ ಅಂತ ತೋರಿಸುವ ದೀಪ ಹತ್ತಿಕೊಂಡಿದ್ದರೆ ಚಕ್ರದೊಳಗಿನ ಹಳೇ ಸೆನ್ಸರಿನ ಬ್ಯಾಟರಿ ಸತ್ತಿರಬಹುದು. ಕೆನಡಾದಲ್ಲಿ ಅದು ಕಡ್ಡಾಯ ಅಲ್ಲ, ಹೊಸದಕ್ಕೆ ಈಗಲೇ ದುಡ್ಡು ಹಾಕಬೇಡಿ. ಬದಲಿಗೆ ಕೈಯಲ್ಲಿ ಗಾಳಿ ಅಳೆಯುವ ಒಂದು ಗೇಜ್ ಇಟ್ಟುಕೊಳ್ಳಿ. ಉಷ್ಣಾಂಶ ಸುಮಾರು ಐದೂವರೆ ಡಿಗ್ರಿ ಇಳಿದರೆ ಒಂದು ಪಿಎಸ್‌ಐ ಗಾಳಿ ಇಳಿಯುತ್ತದೆ. 15 ಡಿಗ್ರಿಯ ಗ್ಯಾರೇಜಿನಲ್ಲಿ ತುಂಬಿದ್ದು ಮೈನಸ್ 25ಕ್ಕೆ ಏಳು ಪಿಎಸ್‌ಐ ಕಮ್ಮಿ. ಚಿನೂಕ್ ಬಂದರೆ ಮತ್ತೆ ಏರುತ್ತದೆ. ವಾರಕ್ಕೊಮ್ಮೆ ನೋಡಿ. ಕೆಸರಲ್ಲಿ ಮಾಡುವ ಹಾಗೆ ಗಾಳಿ ಇಳಿಸಿ ಹೆದ್ದಾರಿಗೆ ಹೋಗಬೇಡಿ.

ಮೊದಲ ಹಿಮ ಬಿದ್ದ ಭಾನುವಾರ ಬೆಳಿಗ್ಗೆ ಖಾಲಿ ಪಾರ್ಕಿಂಗ್ ಜಾಗಕ್ಕೆ ಹೋಗಿ. ಮೂವತ್ತರಲ್ಲಿ ಹೋಗಿ ಬ್ರೇಕ್ ಒತ್ತಿ. ಪೆಡಲ್ ಕಾಲಿಗೆ ಒದೆಯುತ್ತದೆ, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಅದು. ಕಾಲು ತೆಗೆಯಬೇಡಿ. ಎಷ್ಟು ದೂರದಲ್ಲಿ ನಿಂತಿತು ನೋಡಿಕೊಳ್ಳಿ. ಹೆಂಡತಿಯವರೂ ಓಡಿಸುವುದಾದರೆ ಅವರಿಂದಲೂ ಮಾಡಿಸಿ. ಹಿಮ ಇರುವ ರಸ್ತೆಯಲ್ಲಿ 4ಎಚ್ (ಫೋರ್ ವೀಲ್ ಹೈ) ಹಾಕಿಕೊಳ್ಳಿ, ಒಣ ಡಾಂಬರ್ ಬಂದ ಕೂಡಲೇ ತೆಗೆಯಿರಿ.

ಆ 35 ಇಂಚಿನವನ್ನು ಮಾರಬೇಡಿ. ಸೀಮೆಸುಣ್ಣದಲ್ಲಿ ಯಾವುದು ಎಡ ಯಾವುದು ಬಲ ಅಂತ ಬರೆದು, ಹೀಟರಿನಿಂದ ದೂರ, ನೆಲಮಾಳಿಗೆಯಲ್ಲಿ ಪೇರಿಸಿಡಿ. ಚಳಿಗಾಲದ ಟೈರ್ ಬೇಸಿಗೆಯ ಡಾಂಬರಿನ ಮೇಲೆ ಪೆನ್ಸಿಲ್ ರಬ್ಬರಿನ ಹಾಗೆ ಸವೆಯುತ್ತದೆ, ಅದಕ್ಕೇ ಏಪ್ರಿಲ್ ಕೊನೆಗೆ ಬಿಚ್ಚಿಬಿಡಿ. ಮೇ ತಿಂಗಳಲ್ಲಿ ಜೀಪಿನವರು ಆಫ್ ರೋಡ್ ಓಡಿಸುವ ಮೆಕ್ಲೀನ್ ಕ್ರೀಕ್ ಕಡೆ ಹಿಮ ಕರಗಿ ಕೆಸರೋ ಕೆಸರು. ನಮ್ಮ ಆಷಾಢದ ಗದ್ದೆ ಹಾಗೇ ಇರುತ್ತದೆ. ಅಲ್ಲಿಗೆ ಗಂಬೂಟು ಹಾಕಿಕೊಂಡು ಬನ್ನಿ.